ಇಂಜಿನಿನ ಒಳಗಿನ ಸರಪಳಿ

ಬೆಳಗಿನ ನಾಲ್ಕೂವರೆ ಗಂಟೆಯ ಮುಂಬಯಿಯನ್ನು ನಮ್ಮ ವಾಚಕರಿಗೆ ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ಹೋಟೆಲಿನ ಷಟರು ಅರ್ಧಕ್ಕೇರಿ, ಒಳಗೆ ಇಡ್ಲಿಯ ಹಬೆ ಏಳುವ ಆ ಹೊತ್ತಿನಲ್ಲಿ ಎಚ್ಚೆತ್ತಿರುವವರೆಂದರೆ ಒಲೆಯ ಮುಂದಿನ ಭಟ್ಟರು, ಹಾಲಿನ ಗಾಡಿಯವನು, ಬಾಡಿಗೆ ಕಾರಿನ ಚಾಲಕರು. ಕಳೆದ ಚಳಿಗಾಲದ ಅಂಥ ಒಂದು ಮುಂಜಾನೆ ನಮ್ಮ ಓಣಿಯಲ್ಲಿ ನನ್ನ ಪರಿಚಯದವರೊಬ್ಬರು ತಮ್ಮ ಕಾರಿನ ಇಂಜಿನನ್ನು ಎಬ್ಬಿಸಿದರು. ಮೊದಲ ನಾಲ್ಕಾರು ಸೆಕೆಂಡುಗಳ ಕಾಲ, ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂತೆ ಒಂದು ಸದ್ದು ಕೇಳಿಸಿತು. ಆಮೇಲೆ ಅದು ತಾನಾಗಿಯೇ ಅಡಗಿತು. ಅವರು ಅದನ್ನು ಕೇಳಿಯೂ ಕೇಳದವರಂತೆ ಗೇರು ಹಾಕಿ ಹೊರಟರು.

ಇವರು ಕುಂದಾಪುರದ ಕಡೆಯವರು. ಮೇಜು ಒರೆಸುವ ಹುಡುಗನಾಗಿ ಬಂದು, ಗಲ್ಲೆಯ ಮೇಲೆ ಕುಳಿತುಕೊಳ್ಳುವವರೆಗೆ ಇಪ್ಪತ್ತೆರಡು ವರ್ಷ ಹೋಟೆಲಿನಲ್ಲಿ ದುಡಿದವರು. ಆ ಹೋಟೆಲು ಮುಚ್ಚಿದ ಬಳಿಕ ಕೈಯಲ್ಲಿದ್ದ ಹಣಕ್ಕೆ ಸೊಸೈಟಿಯ ಸಾಲ ಸೇರಿಸಿ, 2018ರ ಮಾದರಿಯ ಒಂದು ಡೀಸೆಲ್ ಡಿಜೈರ್ ಕಾರನ್ನು ಎರಡನೆಯ ಕೈಯಲ್ಲಿ ಕೊಂಡಿದ್ದರು. ಸಾಲದ ಕಂತು, ಮಗಳ ಕಾಲೇಜಿನ ಫೀಸು, ಊರಿನ ಮನೆಯ ಮಾಡಿನ ರಿಪೇರಿ, ಇವೆಲ್ಲವೂ ಆ ನಾಲ್ಕು ಚಕ್ರಗಳ ಮೇಲೆಯೇ ನಿಂತಿದ್ದುವು. ಸಂಜೆ ಸಿಕ್ಕಾಗ ಸದ್ದಿನ ವಿಷಯ ಎತ್ತಿದೆ. “ಡೀಸೆಲ್ ಗಾಡಿ ಅಂದ್ಮೇಲೆ ಸದ್ದ್ ಮಾಡ್ದೇ ಇರತ್ತಾ ಮಾರಾಯ್ರೆ?” ಎಂದು ನಕ್ಕರು. ಆ ನಗೆಯ ಹಿಂದೆ ಸ್ವಲ್ಪ ಅಂಜಿಕೆಯೂ ಇದ್ದಿತು. ಗ್ಯಾರೇಜಿನ ಬಾಗಿಲು ತುಳಿದರೆ ಎಷ್ಟಾದೀತೋ ಎಂಬ ಅಂಜಿಕೆ ಯಾರಿಗಿಲ್ಲ?

ಆ ಸದ್ದಿನ ಮೂಲವಾದ ಟೈಮಿಂಗ್ ಚೈನಿನ ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ. ನಮ್ಮವರಲ್ಲಿ ಇಂದು ಅನೇಕರು ಬಾಡಿಗೆ ಕಾರು ಓಡಿಸುತ್ತಿದ್ದಾರೆ. ಗುಮಾಸ್ತೆಗಳಾಗಿರುವವರೂ ಹಳೆಯ ಡೀಸೆಲ್ ಕಾರೊಂದನ್ನು ಕೊಂಡು, ಹಬ್ಬಕ್ಕೆ ಊರಿಗೆ ಹೋಗಿ ಬರುವುದುಂಟು. ಅವರಿಗೆ ಈ ವಿಷಯ ತಿಳಿದಿರುವುದು ಒಳಿತು.

ಹೋಟೆಲಿನ ಅಡುಗೆಮನೆಯ ಬಾಗಿಲನ್ನು ಒಮ್ಮೆ ನೆನೆದುಕೊಳ್ಳಿರಿ. ತುಂಬಿದ ತಟ್ಟೆಗಳನ್ನು ಹೊತ್ತ ಸಪ್ಲೈಯರು ಹೊರಗೆ ಬರುವಾಗಲೇ ಎಂಜಲು ತಟ್ಟೆಗಳ ಬಕೆಟು ಹಿಡಿದ ಹುಡುಗ ಒಳನುಗ್ಗಿದರೆ ಏನಾಗುತ್ತದೆಂಬುದನ್ನು ಬಲ್ಲವರೇ ಬಲ್ಲರು. ಇಂಜಿನಿನ ಒಳಗೂ ಇದೇ ಕಥೆ. ಸಿಲಿಂಡರಿನಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಅದರ ನೆತ್ತಿಯ ಮೇಲಿರುವ ವಾಲ್ವುಗಳೆಂಬ ಕವಾಟಗಳು ಕೆಳಮುಖವಾಗಿ ತೆರೆದುಕೊಂಡು ಗಾಳಿಯನ್ನು ಒಳಕ್ಕೆ ಬಿಡುತ್ತವೆ, ಉರಿದ ಹೊಗೆಯನ್ನು ಹೊರಕ್ಕೆ ಕಳಿಸುತ್ತವೆ. ಪಿಸ್ಟನ್ ತುದಿಗೇರುವ ಗಳಿಗೆಯಲ್ಲಿ ಕವಾಟವು ದಾರಿ ಬಿಟ್ಟಿರಲೇಬೇಕು. ಪಿಸ್ಟನನ್ನು ಆಡಿಸುವುದು ಕೆಳಗಿನ ಕ್ರ್ಯಾಂಕ್ ದಂಡ. ಕವಾಟಗಳನ್ನು ಒತ್ತುವುದು ಮೇಲಿನ ಕ್ಯಾಮ್ ದಂಡ. ಕ್ರ್ಯಾಂಕು ಎರಡು ಸುತ್ತು ಸುತ್ತುವಷ್ಟರಲ್ಲಿ ಕ್ಯಾಮು ಒಂದೇ ಸುತ್ತು ಸುತ್ತಬೇಕು. ಇವೆರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕಿರುವುದೇ ಟೈಮಿಂಗ್ ಚೈನು.

ಇಂಜಿನು ನಿಮಿಷಕ್ಕೆ 3000 ಸುತ್ತಿನಂತೆ ಓಡುತ್ತಿರುವಾಗ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ನಮ್ಮ ಮಿತ್ರರ ಕಾರಿನಂತೆ ಹದಿನಾರು ಕವಾಟಗಳಿದ್ದರೆ ಒಟ್ಟು ಸೆಕೆಂಡಿಗೆ 400 ಬಾರಿ! ಅಷ್ಟು ಸಲವೂ ತಾಳ ತಪ್ಪಬಾರದು.

ಹಳೆಯ ಫಿಯೆಟ್, ಹೊಸ ಫಿಯೆಟ್

ಕಾರಿನ ಹೆಸರು ಮಾರುತಿಯಾದರೂ ಅದರೊಳಗಿನ ಡೀಸೆಲ್ ಇಂಜಿನಿನ ಕುಲಗೋತ್ರ ಇಟಲಿಯ ಫಿಯೆಟ್ ಮನೆತನದ್ದು. ಮುಂಬಯಿಯ ಬೀದಿಗಳಿಗೆ ಫಿಯೆಟ್ ಹೊಸಬನೇನಲ್ಲ. 1964ರಿಂದ ತಯಾರಾದ ಪ್ರೀಮಿಯರ್ ಪದ್ಮಿನಿ ಫಿಯೆಟ್ 1100ರ ವಂಶದ್ದೇ. ಆ ಕಪ್ಪು-ಹಳದಿ ಟ್ಯಾಕ್ಸಿಗಳ ಕೊನೆಯದು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತವಾದಾಗ ಅನೇಕರ ಕಣ್ಣು ಒದ್ದೆಯಾದುವು. ಪದ್ಮಿನಿಯಲ್ಲಿ ಕ್ಯಾಮ್ ದಂಡವು ಕೆಳಗೆ, ಕ್ರ್ಯಾಂಕಿನ ನೆರೆಯಲ್ಲೇ ಇದ್ದುದರಿಂದ ಅದರ ಸರಪಳಿ ಗಿಡ್ಡ, ಹೊರೆಯೂ ಹಗುರ.

2003ರಲ್ಲಿ ಹೊರಬಂದ 1.3 ಲೀಟರಿನ ಮಲ್ಟಿಜೆಟ್ ಇಂಜಿನು ಬೇರೆಯೇ ಜಾತಿ. 1248 ಸಿ.ಸಿ., ನಾಲ್ಕು ಸಿಲಿಂಡರು, ತಲೆಯ ಮೇಲೆ ಎರಡು ಕ್ಯಾಮ್ ದಂಡಗಳು, ಗಾಳಿಯನ್ನು ಅದುಮಿ ತುಂಬುವ ಟರ್ಬೋ. 2007ರಲ್ಲಿ ಮಾರುತಿ ಸ್ವಿಫ್ಟ್ ಕಾರಿನೊಳಗೆ ಸೇರಿ ನಮ್ಮ ದೇಶದ ಜನಕ್ಕೆ ಪರಿಚಯವಾದ ಈ ಇಂಜಿನನ್ನು ಆಮೇಲೆ ಡಿಜೈರ್, ಎರ್ಟಿಗಾ, ಟಾಟಾದ ಇಂಡಿಕಾ ವಿಸ್ಟಾ, ಫಿಯೆಟ್ಟಿನದೇ ಆದ ಪುಂಟೋ ಮತ್ತು ಲೀನಿಯಾ ಎಲ್ಲವೂ ಹೊತ್ತುಕೊಂಡುವು. ಹರಿಯಾಣದ ಮಾನೇಸರಿನಲ್ಲೂ ಪುಣೆಯ ಬಳಿಯ ರಂಜನಗಾಂವಿನಲ್ಲೂ ಇದು ತಯಾರಾಯಿತು. ಇಷ್ಟು ಕಂಪೆನಿಗಳ ಕಾರಿನಲ್ಲಿ ಇದೊಂದೇ ಇದ್ದುದರಿಂದ “ರಾಷ್ಟ್ರೀಯ ಇಂಜಿನು” ಎಂಬ ತಮಾಷೆಯ ಬಿರುದೂ ಇದಕ್ಕೆ ಬಂದಿತು. 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಜಾರಿಗೆ ಬಂದಾಗ ಇದರ ಮಾರಾಟ ನಿಂತಿತು. ಆದರೆ ಅದಾಗಲೇ ರಸ್ತೆಗಿಳಿದಿದ್ದುವು ಇನ್ನೂ ಓಡುತ್ತಿವೆ, ಓಡುತ್ತಾ ಮುದುಕಾಗುತ್ತಿವೆ. ಆದುದರಿಂದಲೇ ಈ ಮಾತು ಈಗ ಪ್ರಸ್ತುತ.

ಕೆಲವು ಕಾರುಗಳಲ್ಲಿ ಈ ಕೆಲಸವನ್ನು ಹಲ್ಲುಳ್ಳ ರಬ್ಬರಿನ ಪಟ್ಟಿ ಮಾಡುತ್ತದೆ. ಅದನ್ನು ಇಂತಿಷ್ಟು ಸಾವಿರ ಕಿಲೋಮೀಟರಿಗೆ ಬದಲಿಸತಕ್ಕದ್ದೆಂದು ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಮಾಲೀಕನು ಬೈದುಕೊಂಡಾದರೂ ಬದಲಿಸುತ್ತಾನೆ. ಉಕ್ಕಿನ ಸರಪಳಿಯ ಬಗ್ಗೆ ಹಾಗಲ್ಲ. ಅದು ಆಜೀವ ಬಾಳುವುದೆಂದು ಹೇಳಿ ಮಾರುತ್ತಾರೆ. ಆಜೀವ ಎಂದರೆ ಯಾರ ಜೀವ? ಇಂಜಿನಿನ ಜೀವವೆಂದು ಕಂಪೆನಿ ಹೇಳೀತು. ಸರಪಳಿ ಕಡಿದ ದಿನ ಇಂಜಿನಿನ ಜೀವವೂ ಹೋಗುವುದರಿಂದ ಆ ಮಾತು ಒಂದು ಬಗೆಯಲ್ಲಿ ನಿಜವೇ ಆಗಿಬಿಡುತ್ತದೆ! ಈ ಒಂದು ಶಬ್ದವನ್ನು ನಂಬಿ ಮೋಸಹೋದವರ ಸಂಖ್ಯೆ ಸಣ್ಣದಲ್ಲವೆಂದು ನನ್ನ ಅಭಿಪ್ರಾಯ.

ಉಕ್ಕು ಹಿಗ್ಗುತ್ತದೆಯೇ?

ಚೈನು “ಉದ್ದವಾಗಿದೆ”, “ಎಳೆದುಕೊಂಡಿದೆ” ಎಂದು ಮೆಕ್ಯಾನಿಕರು ಹೇಳುವುದುಂಟು. ಉಕ್ಕು ರಬ್ಬರಿನಂತೆ ಹಿಗ್ಗುವುದೆಂದು ಇದರ ಅರ್ಥವಲ್ಲ. ಸರಪಳಿಯ ಒಂದೊಂದು ಕೊಂಡಿಯನ್ನೂ ಹಿಡಿದಿರುವ ಸಣ್ಣ ಮೊಳೆಗಳು ಉಜ್ಜಿ ಉಜ್ಜಿ ಸವೆಯುತ್ತವೆ. ಒಂದು ಕೊಂಡಿಯಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಸವೆದರೆ ಕಣ್ಣಿಗೆ ಕಾಣದು. ನೂರು ಕೊಂಡಿಗಳಲ್ಲಿ ಅಷ್ಟಷ್ಟೇ ಸವೆದರೆ ಸರಪಳಿ ಒಂದು ಪೂರ್ತಿ ಮಿಲಿಮೀಟರು ಉದ್ದವಾಯಿತು. ಹಳೆಯ ಸೈಕಲ್ಲಿನ ಚೈನು ಜೋತುಬೀಳುವುದೂ ಹೀಗೆಯೇ. ಸೈಕಲ್ಲಿನ ಚೈನು ಕಳಚಿದರೆ ಕೈಗೆ ಮಸಿಯಾಗುತ್ತದೆ, ಅಷ್ಟೆ.

ಈ ಜೋಲನ್ನು ಹೀರಿಕೊಳ್ಳುವುದಕ್ಕೆಂದೇ ಟೆನ್ಷನರ್ ಎಂಬ ಒಂದು ಒತ್ತುಗೋಲು ಇದೆ. ಇಂಜಿನಿನ ಎಣ್ಣೆಯ ಒತ್ತಡದಿಂದಲೇ ಅದು ಮುಂದಕ್ಕೆ ಚಾಚಿ, ಸರಪಳಿ ಜಾರಿಕೊಂಡು ಹೋಗುವ ಪ್ಲಾಸ್ಟಿಕ್ಕಿನ ಗೈಡನ್ನು ಅದುಮಿ ಹಿಡಿಯುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಬೆಳಿಗ್ಗೆ ಇಂಜಿನು ಎದ್ದು ಎಣ್ಣೆಯ ಒತ್ತಡ ಏರುವವರೆಗಿನ ಆ ಕೆಲವು ಸೆಕೆಂಡುಗಳಲ್ಲಿ, ಸವೆದು ಸಡಿಲವಾದ ಚೈನು ಅತ್ತಿತ್ತ ಬಡಿದುಕೊಳ್ಳುತ್ತದೆ. ಡಬ್ಬಿಯ ಮೊಳೆಗಳ ಸದ್ದು ಎಂದು ನಾನು ಮೊದಲು ಹೇಳಿದ್ದು ಅದನ್ನೇ. ಒತ್ತಡ ಏರಿದೊಡನೆ ಸದ್ದು ನಿಲ್ಲುತ್ತದೆ. ಚಾಲಕನ ಮನಸ್ಸೂ ನಿಶ್ಚಿಂತವಾಗುತ್ತದೆ. ರೋಗ ಮಾತ್ರ ಅಲ್ಲಿಯೇ ಇರುತ್ತದೆ.

ಟರ್ಬೋ ಇರುವ ಡೀಸೆಲ್ ಇಂಜಿನಿನಲ್ಲಿ ಈ ಸವೆತ ಬೇಗ ಬರಲು ಕಾರಣವುಂಟು. ಹೊರಹೋಗುವ ಬಿಸಿ ಹೊಗೆಯ ರಭಸದಿಂದ ತಿರುಗುವ ಟರ್ಬೋವಿನ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ಹಾಕುತ್ತದೆ. ಅದರ ಬೇರಿಂಗನ್ನು ತೇಲಿಸಿ ತಂಪಾಗಿಡುವುದೂ ಇದೇ ಎಣ್ಣೆ. ಆ ಕಾವಿನಲ್ಲಿ ಹಾದು ಬಂದ ಎಣ್ಣೆ ಬೇಗ ಹಳಸುತ್ತದೆ. ಅದರ ಮೇಲೆ, ಡೀಸೆಲ್ ಉರಿದಾಗ ಹುಟ್ಟುವ ಮಸಿಯ ನುಣ್ಣನೆಯ ಕಣಗಳು ಎಣ್ಣೆಯಲ್ಲಿ ಬೆರೆತು, ಸರಪಳಿಯ ಮೊಳೆಗಳಿಗೆ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಹತ್ತು ಸಲ ಬಜ್ಜಿ ಕರಿದ ಎಣ್ಣೆಯನ್ನು ಹನ್ನೊಂದನೆಯ ಸಲಕ್ಕೆ ಬಾಣಲೆಯಲ್ಲಿ ಬಿಡಲು ಒಪ್ಪದ ನಮ್ಮ ಭಟ್ಟರು, ಕಾರಿನ ಎಣ್ಣೆಯ ವಿಷಯದಲ್ಲಿ ಮಾತ್ರ ಇನ್ನೊಂದು ತಿಂಗಳು ಹೋಗಲಿ ಎನ್ನುವುದೇಕೋ ನಾನರಿಯೆ.

ಗ್ಯಾರೇಜಿನಲ್ಲಿ

ಅಂತೂ ಒಂದು ದಿನ ಡ್ಯಾಷ್ ಬೋರ್ಡಿನಲ್ಲಿ ಇಂಜಿನಿನ ಹಳದಿ ದೀಪ ಹತ್ತಿಕೊಂಡಿತು. ಎಳೆತವೂ ಕಡಿಮೆಯಾಗಿತ್ತು. ನನ್ನ ಮಿತ್ರರು ಇನ್ನು ತಪ್ಪದೆಂದು ಕಾರನ್ನು ಕುರ್ಲಾದ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಒಯ್ದರು. ರಜೆಯ ದಿನವಾದ್ದರಿಂದ ನಾನೂ ಜೊತೆಗೆ ಹೋದೆ. ಅಲ್ಲಿನ ಮೇಸ್ತ್ರಿ ವಿಜಯಪುರದ ಕಡೆಯವರು. ಮೊದಲು ಕೇಳಿದ್ದು, ಇಂಜಿನು ತಣ್ಣಗಿದೆಯೇ ಎಂದು. ತಣ್ಣಗಾಗುವವರೆಗೆ ಕಾದು, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನಿನ ಪಕ್ಕಕ್ಕೊತ್ತಿ, ಹಿಡಿಯನ್ನು ಕಿವಿಗಾನಿಸಿ, ಸ್ಟಾರ್ಟ್ ಮಾಡಿಸಿದರು.

“ಇದು ಇಂಜೆಕ್ಟರಿನ ಸಪ್ಪಳ ಅಲ್ರೀ ಅಣ್ಣಾರ. ಚೈನ್ ಬಡಕೊಳ್ಳಾಕತ್ತೈತಿ. ಎಷ್ಟ್ ದಿನ ಆತು?”

“ಮಳೆಗಾಲದಿಂದ ಇತ್ತ್ ಕಾಣಿ.”

“ಎಣ್ಣಿ ಯಾವಾಗ ಬದ್ಲಿ ಮಾಡ್ಸೀರಿ?”

ಇದಕ್ಕೆ ಉತ್ತರ ಬರಲಿಲ್ಲ. ಎಣ್ಣೆಯ ಅಳತೆಗಡ್ಡಿಯನ್ನು ಎಳೆದು ನೋಡಿದರೆ ಅದರ ತುದಿ ಮಾತ್ರ ಕಪ್ಪಾಗಿ ಒದ್ದೆಯಾಗಿತ್ತು. ಬಾಗಿಲಿಗೆ ಅಂಟಿಸಿದ ಚೀಟಿಯ ಲೆಕ್ಕದಂತೆ ಎಣ್ಣೆ ಬದಲಿಸಿ 18,000 ಕಿಲೋಮೀಟರು ಕಳೆದಿದ್ದುವು. ಕಾರು ಓಡಿದ್ದು ಒಟ್ಟು 1,64,000. ಕಿಲೋಮೀಟರಿಗೆ ಎರಡು ಸಾವಿರ ಸುತ್ತೆಂದು ಹಿಡಿದರೂ ಕ್ರ್ಯಾಂಕು ಮೂವತ್ತೆರಡು ಕೋಟಿ ಸುತ್ತಿಗೂ ಮಿಕ್ಕಿ ಸುತ್ತಿದೆ ಎಂದಾಯಿತು.

ಸ್ಕ್ಯಾನರನ್ನು ಸಿಕ್ಕಿಸಿದಾಗ “ಪಿ 0016” ಎಂಬ ಸಂಕೇತ ಕಾಣಿಸಿಕೊಂಡಿತು. ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದಿಕೆ ತಪ್ಪಿದೆಯೆಂದು ಇದರ ಅರ್ಥ. ಸೆನ್ಸರೊಂದು ಕೆಟ್ಟರೂ ಈ ಸಂಕೇತ ಬರುವುದುಂಟಾದ್ದರಿಂದ ಮೇಸ್ತ್ರಿ ಅಷ್ಟಕ್ಕೇ ತೀರ್ಮಾನಿಸಲಿಲ್ಲ. ಈ ಇಂಜಿನಿಗೆಂದೇ ಪಿನ್ನುಗಳ ಒಂದು ಜೊತೆಯಿದೆ. ಕ್ರ್ಯಾಂಕನ್ನು ಫ್ಲೈವೀಲಿನ ಕಡೆಯಿಂದ ಗೊತ್ತಾದ ಸ್ಥಾನದಲ್ಲಿ ಬಂಧಿಸಿದಾಗ, ಮೇಲಿನ ಎರಡು ಕ್ಯಾಮ್ ದಂಡಗಳಲ್ಲಿರುವ ಗುಳಿಗಳಿಗೂ ಪಿನ್ನು ನೇರವಾಗಿ ಇಳಿಯಬೇಕು. ಇಲ್ಲಿ ಇಳಿಯಲಿಲ್ಲ, ಗುಳಿ ಸ್ವಲ್ಪ ಹಿಂದೆ ಉಳಿದಿತ್ತು. “ನೋಡ್ರಿ, ಚೈನೇ ಹೇಳಾಕತ್ತೈತಿ” ಎಂದರು ಮೇಸ್ತ್ರಿ.

ಇದೇ ಜಾತಿಯ ಇಂಜಿನಿನ ಇನ್ನೊಂದು ಕಾರು ಅಲ್ಲಿಯೇ ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಖಂಬಾಟಕಿ ಘಾಟಿನ ಏರಿನಲ್ಲಿ ಅದರ ಸರಪಳಿ ಕಡಿಯಿತಂತೆ. ಕವಾಟಗಳು ತೆರೆದಲ್ಲಿಯೇ ನಿಂತು ಪಿಸ್ಟನ್ನುಗಳು ಬಂದು ಬಡಿದಾಗ, ಈ ಇಂಜಿನಿನಲ್ಲಿ ಅನೇಕ ವೇಳೆ ಮೊದಲು ಮುರಿಯುವುವು ರಾಕರುಗಳೆಂಬ ಸಣ್ಣ ತುಂಡುಗಳು. ಅವು ತಾವು ಮುರಿದು ಕವಾಟವನ್ನು ಉಳಿಸುವುದೂ ಉಂಟು. ಆ ಕಾರಿನ ಚಾಲಕನಾದರೋ, ನಿಂತುಹೋದ ಇಂಜಿನನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಿದ, ತಳ್ಳಿಸಿಯೂ ನೋಡಿದ. ಉಳಿದಿದ್ದ ಕವಾಟಗಳೂ ಬಾಗಿದುವು. ಓಡುತ್ತಿದ್ದ ಕಾರು ಥಟ್ಟನೆ ನಿಂತು, ಮರಳಿ ಎಬ್ಬಿಸುವಾಗ ಇಂಜಿನು ಎಂದಿನ ಭಾರವಿಲ್ಲದೆ ಬರಿದೇ ಗರಗರನೆ ತಿರುಗಿದರೆ ಕೀಲಿಕೈಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಮುಂದಿನದು ಕಾರು ಎಳೆಯುವ ಗಾಡಿಯವನ ಕೆಲಸ.

ನನ್ನ ಮಿತ್ರರು ಆ ಧೂಳಿನ ಕಾರನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಬರಿಯ ಚೈನು ಹಾಕಿ ಬಿಟ್ಟರೆ ಖರ್ಚು ಕಡಿಮೆಯಾಗಲಾರದೇ ಎಂದು ಕೇಳಿದರು. ಆಗುವುದಿಲ್ಲವೆಂದು ಮೇಸ್ತ್ರಿ ಖಂಡಿತವಾಗಿ ಹೇಳಿದರು. ಸವೆದ ಸರಪಳಿ ತನ್ನ ಹಲ್ಲುಗಾಲಿಗಳನ್ನೂ ತನ್ನಂತೆಯೇ ಸವೆಸಿರುತ್ತದೆ. ಅವುಗಳ ಮೇಲೆ ಹೊಸ ಚೈನು ಕೂರಿಸಿದರೆ ಅದೂ ಬೇಗನೆ ಹಳತಾಗುತ್ತದೆ. ಗೈಡುಗಳು, ಟೆನ್ಷನರು, ಹಲ್ಲುಗಾಲಿಗಳು, ಚೈನು ಎಲ್ಲವೂ ಸೇರಿದ ಕಿಟ್ಟನ್ನೇ ಹಾಕಬೇಕು. ಅದೂ ಹೆಸರಿಲ್ಲದ ಅಗ್ಗದ ಸರಕಾಗಿರಬಾರದು. ಇದರಲ್ಲಿ ಸಾಮಾನಿಗಿಂತ ಕೂಲಿಯೇ ದೊಡ್ಡದು. ಚೈನಿನವರೆಗೆ ತಲಪುವುದೇ ಅರ್ಧ ಕೆಲಸವಾದುದರಿಂದ, ಒಮ್ಮೆ ಬಿಚ್ಚಿದ ಮೇಲೆ ಒಂದು ಸಣ್ಣ ಭಾಗಕ್ಕಾಗಿ ಲೋಭ ಮಾಡಿ ಇನ್ನೊಮ್ಮೆ ಬಿಚ್ಚಿಸುವುದು ಜಾಣತನವಲ್ಲ. ಮಿತ್ರರು ಹೂಂಗುಟ್ಟಿದರು. ಊರಿನ ಮಾಡು ಇನ್ನೊಂದು ಮಳೆಗಾಲ ಕಾಯಬೇಕಾಯಿತೆಂದು ಆಮೇಲೆ ನನಗೆ ತಿಳಿಯಿತು.

ಮರುದಿನ ಕೆಲಸ ಆರಂಭವಾಯಿತು. ಬ್ಯಾಟರಿಯ ತಂತಿ ಕಳಚಿ, ಕಾರನ್ನು ಎತ್ತಿ ನಿಲ್ಲಿಸಿ, ಬಲಗಡೆಯ ಮುಂದಿನ ಚಕ್ರ ಬಿಚ್ಚಿದರು. ಎಣ್ಣೆ ಇಳಿಸಿದರು, ಡಾಂಬರಿನಂತಿತ್ತು. ಇಂಜಿನಿನ ಭಾರವನ್ನು ಕೆಳಗಿನಿಂದ ಜಾಕಿಗೆ ಹೊರಿಸಿದ ಮೇಲೆಯೇ ಆ ಬದಿಯ ಮೌಂಟನ್ನು ಬಿಚ್ಚಿದರು. ಬಳಿಕ ಹೊರಗಿನ ಬೆಲ್ಟು, ಕ್ರ್ಯಾಂಕಿನ ಪುಲ್ಲಿ, ಕೆಳಗಿನ ಎಣ್ಣೆಯ ಚೇಂಬರು, ಕೊನೆಗೆ ಎಣ್ಣೆಯ ಪಂಪನ್ನೂ ತನ್ನೊಳಗೇ ಇಟ್ಟುಕೊಂಡ ಮುಂದಿನ ಮುಚ್ಚಳ. ಚೈನು ಬೆಳಕು ಕಂಡಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಗೈಡಿನ ಪ್ಲಾಸ್ಟಿಕ್ಕಿನಲ್ಲಿ ಸರಪಳಿ ಎರಡು ಆಳವಾದ ಗೀರುಗಳನ್ನು ಕೊರೆದಿತ್ತು. ಒಂದು ತುದಿ ಚೂರಾಗಿ ಉದುರಿಯೂ ಹೋಗಿತ್ತು. ಉದುರಿದ ಚೂರು ಎಲ್ಲಿ? ಮೇಸ್ತ್ರಿ ಚೇಂಬರಿನ ತಳವನ್ನು ಬೆರಳಿನಿಂದ ತಡವಿ, ಎಣ್ಣೆ ಹೀರುವ ಕೊಳವೆಯ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಎರಡು ಚೂರುಗಳನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟರು. ಈ ಜಾಲರಿ ಕಟ್ಟಿಕೊಂಡರೆ ಎಣ್ಣೆಯ ಒತ್ತಡ ಕುಸಿದು ಚೈನಿಗಿಂತ ಮೊದಲು ಟರ್ಬೋ ಸಾಯುತ್ತದಂತೆ. ಚೈನು ಬದಲಿಸಿ ಜಾಲರಿಯನ್ನು ಶುದ್ಧಗೊಳಿಸದೆ ಮುಚ್ಚುವವರಿದ್ದಾರೆ. ನಿಮ್ಮ ಕಾರಿನ ಕೆಲಸ ನಡೆಯುವಾಗ ಇದೊಂದನ್ನು ಬಾಯಿಬಿಟ್ಟು ಕೇಳಿರಿ.

ಹಳೆಯ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ಜೋಡಿಯಾಗಿ ತೂಗುಹಾಕಿದರು. ಕೆಳಗಿನ ತುದಿಯಲ್ಲಿ ಹಳೆಯದು ಅಕ್ಕಿಕಾಳಿನ ಅರ್ಧದಷ್ಟು ಕೆಳಕ್ಕಿತ್ತು. ಇಷ್ಟೇ! ಇಷ್ಟಕ್ಕಾಗಿ ಇಷ್ಟೆಲ್ಲವೇ ಎಂದು ನನಗನ್ನಿಸಿತು.

ಮುಂದಿನದು ತಾಳ್ಮೆಯ ಕೆಲಸ. ಕ್ರ್ಯಾಂಕೂ ಎರಡು ಕ್ಯಾಮ್ ದಂಡಗಳೂ ತಮ್ಮ ಸರಿಯಾದ ಸ್ಥಾನಗಳಲ್ಲಿ ಪಿನ್ನುಗಳಿಂದ ಬಂಧಿತವಾಗಿರುವಾಗಲೇ ಹೊಸ ಗೈಡು, ಹಲ್ಲುಗಾಲಿ, ಚೈನು ಕೂರಬೇಕು. ಅದುಮಿ ಹಿಡಿದಿದ್ದ ಹೊಸ ಟೆನ್ಷನರನ್ನು ಬಿಡುಗಡೆ ಮಾಡಿ ಜೋಲು ಹೋದ ಮೇಲೆಯೇ ಬೋಲ್ಟಿನ ಕೊನೆಯ ಬಿಗಿತ. ಅದೂ ಕೈಯಂದಾಜಿನಲ್ಲಲ್ಲ, ಟಾರ್ಕ್ ರೆಂಚಿನಿಂದ, ಹೊಸ ಬೋಲ್ಟಿಗೆ. ಆಮೇಲೆ ಪಿನ್ನುಗಳನ್ನೆಲ್ಲ ತೆಗೆದು, ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದರು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು. ಕವಾಟವೂ ಪಿಸ್ಟನೂ ಮುಖಾಮುಖಿಯಾಗಿವೆಯೆಂದು ತಿಳಿಯಬೇಕು. ತಡೆಯಲಿಲ್ಲ. ಮತ್ತೆ ಪಿನ್ನು ಹಾಕಿ ನೋಡಿದರೆ ಮೂರೂ, ಬೆಣ್ಣೆಗೆ ಚಾಕು ಇಳಿದಂತೆ ಇಳಿದುವು. ಗಡಿಬಿಡಿಯ ಗ್ಯಾರೇಜುಗಳಲ್ಲಿ ಈ ಎರಡು ಸುತ್ತುಗಳನ್ನೇ ಬಿಟ್ಟುಬಿಡುತ್ತಾರೆ. ಪಿನ್ನುಗಳ ಬದಲು ವೈಟ್ನರಿನ ಗುರುತು ಹಾಕಿ ಕೆಲಸ ಮುಗಿಸುವವರೂ ಇದ್ದಾರೆ. ಮೊದಲೇ ತಾಳ ತಪ್ಪಿದ ಇಂಜಿನಿಗೆ ಗುರುತು ಹಾಕಿದರೆ ತಪ್ಪಿಗೇ ಗುರುತು ಹಾಕಿದಂತಾಗುತ್ತದೆ.

ಮುಚ್ಚಳಕ್ಕೂ ಚೇಂಬರಿಗೂ ಸೀಲಂಟಿನ ಅಂಟು ಹಚ್ಚಿ ರಾತ್ರಿಯೆಲ್ಲ ಒಣಗಲು ಬಿಟ್ಟರು. ಮರುದಿನ ಹೊಸ ಫಿಲ್ಟರು, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಎಣ್ಣೆ. ಇಷ್ಟಾದರೂ ಕೂಡಲೇ ಸ್ಟಾರ್ಟ್ ಮಾಡಲಿಲ್ಲ. ಬರಿದಾದ ನಾಳಗಳಲ್ಲಿ ಎಣ್ಣೆ ಇನ್ನೂ ಟರ್ಬೋವಿನವರೆಗೆ ತಲಪಿರುವುದಿಲ್ಲ. ಒಣಗಿದ ಬೇರಿಂಗಿನ ಮೇಲೆ ಲಕ್ಷ ಸುತ್ತು ಹಾಕಿಸಿದರೆ ಗತಿಯೇನು? ಡೀಸೆಲ್ ಹರಿಯದಂತೆ ಫ್ಯೂಸು ಕಿತ್ತು, ಸ್ಟಾರ್ಟರಿನಿಂದ ಇಂಜಿನನ್ನು ಬರಿದೇ ಕೆಲವು ಸಲ ತಿರುಗಿಸಿ ಎಣ್ಣೆಯನ್ನು ಮೇಲಕ್ಕೆ ಏರಿಸಿದರು. ಆಮೇಲೆ ಫ್ಯೂಸು ಹಾಕಿ ಕೀಲಿ ತಿರುಗಿಸಿದರು.

ಒಂದೆರಡು ಸೆಕೆಂಡು ಗರಗರ ಎಂದಿತು. ನನ್ನ ಮಿತ್ರರ ಮುಖ ಬಿಳಿಚಿಕೊಂಡಿತು. “ಟೆನ್ಷನರಿಗೆ ಎಣ್ಣಿ ತುಂಬಾಕತ್ತೈತ್ರಿ, ಸ್ವಲ್ಪ ತಡೀರಿ” ಎಂದು ಮೇಸ್ತ್ರಿ ಕೈಯೆತ್ತಿದರು. ಸದ್ದು ಅಡಗಿತು. ಹತ್ತು ನಿಮಿಷ ಆಕ್ಸಿಲರೇಟರನ್ನು ಮುಟ್ಟದೆ ಹಾಗೆಯೇ ಓಡಿಸಿ, ಕೆಳಗೆ ತೂರಿ ಎಣ್ಣೆ ಸೋರುವುದೇ ಎಂದು ಬ್ಯಾಟರಿ ಬೆಳಕಿನಲ್ಲಿ ನೋಡಿ, ನಿಲ್ಲಿಸಿ ಅಳತೆಗಡ್ಡಿಯನ್ನು ಪುನಃ ಪರೀಕ್ಷಿಸಿದರು. ಹಳದಿ ದೀಪ ಮತ್ತೆ ಹತ್ತಲಿಲ್ಲ.

ಬಾಗಿಲ ಚೌಕಟ್ಟಿನ ಹಳೆಯ ಚೀಟಿಯನ್ನು ಕೆರೆದು ತೆಗೆದು, ಹೊಸದರಲ್ಲಿ ಮುಂದಿನ ಎಣ್ಣೆ ಯಾವ ಕಿಲೋಮೀಟರಿಗೆಂದು ದಪ್ಪ ಅಕ್ಷರದಲ್ಲಿ ಬರೆದರು. ಮಿತ್ರರು ಜೇಬಿನಿಂದ ತಮ್ಮ ಬಾಡಿಗೆಯ ಲೆಕ್ಕದ ಪುಸ್ತಕ ತೆಗೆದು ಅದೇ ಅಂಕೆಯನ್ನು ಅದರಲ್ಲಿಯೂ ಬರೆದುಕೊಂಡರು. ಹಳೆಯ ಸರಪಳಿಯನ್ನು ಮೇಸ್ತ್ರಿ ಒಂದು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಅದನ್ನು ಸೀಟಿನ ಕೆಳಗೆ ತಳ್ಳಿ, ಸಂಜೆ ಐದರ ಗಿರಾಕಿ ದಾದರಿನಲ್ಲಿ ಕಾಯುತ್ತಿದ್ದಾರೆಂದು ಹೇಳಿ ಅವರು ಹೊರಟುಹೋದರು.